ಹಾಡಿನಲ್ಲಿ ಸತ್ತ ಅಕ್ಕ

ಹಾಡು ಚೆನ್ನಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೈಯುವುದು ಬಹಳ ಇದೆ.

ಕಿರಂಗೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಒಂದು ಮಧ್ಯಾಹ್ನ ಹಿಂದಿನ ಬೀದಿಯ ವಿಡಿಯೊದವನು ಬಂದು ಬಾಗಿಲಲ್ಲಿ ನಿಂತ. ಮೂವತ್ತರ ಆಸುಪಾಸಿನವನು, ಪಾಂಡವಪುರದಲ್ಲಿ ಸ್ಟುಡಿಯೊ ಇಟ್ಟುಕೊಂಡು ಮದುವೆ ವಿಡಿಯೊ ಮಾಡುತ್ತಾನೆ. ಅವನ ತಾಯಿಯ ರವಿಕೆಗಳನ್ನೆಲ್ಲ ಹೊಲಿಯುವವಳು ನಾನೇ. ಪರರ ಮದುವೆ ತೆಗೆದು ತೆಗೆದು ಬೇಸತ್ತು ಈಗ ತನ್ನದೇ ಒಂದು ಹಾಡು ಮಾಡುತ್ತಿದ್ದಾನಂತೆ, ಗೆಳೆಯನೊಬ್ಬ ಹಾಡಿದ್ದಾನಂತೆ. ಫೋನು ತೆಗೆದು ಕೇಳಿಸಿದ. ಮೊದಲು ಕೊಳಲು, ಆಮೇಲೆ ಒಂದು ಮೆತ್ತನೆಯ ಗಂಡು ಕಂಠ. ಎಂದೋ ಕಳೆದುಹೋದ ಹುಡುಗಿಯನ್ನು ನೆನೆಸಿಕೊಳ್ಳುವ ಹಾಡು. ನಾನು ಮಿಷನ್ನಿನ ಪೆಡಲಿನಿಂದ ಕಾಲು ತೆಗೆದೆ. ನನಗೆ ಹಾಗೆ ನೆನೆಸಿಕೊಳ್ಳಲು ಯಾರೂ ಇಲ್ಲ, ಆದರೂ ಯಾರೋ ಇದ್ದರು ಅನ್ನಿಸುವಂತೆ ಮಾಡಿಬಿಟ್ಟ ಕಳ್ಳ.

ಅವನಿಗೊಂದು ಹಳೆಯ ಫೋಟೋ ಬೇಕಿತ್ತು. ಕಥೆಯ ಹುಡುಗಿ ಪ್ರಾಯದಲ್ಲಿ ಹೇಗಿದ್ದಳು ಅಂತ ತೋರಿಸುವುದಕ್ಕೆ. ಈಗಿನ ಫೋಟೋಗಳಲ್ಲಿ ಆ ಕಳೆ ಬರುವುದಿಲ್ಲ ಎಂದ. ನಾನು ಒಂದು ಕ್ಷಣವೂ ಯೋಚಿಸದೆ ಬೀರು ತೆಗೆದು ಅಕ್ಕನ ಫೋಟೋ ಕೊಟ್ಟೆ.

ಅದನ್ನು ಯಾಕೆ ಕೊಟ್ಟೆ ಎನ್ನುವುದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಆ ಫೋಟೋದಲ್ಲಿ ಅಕ್ಕ ತೊಟ್ಟಿರುವ ಪಫ್ ತೋಳಿನ ರವಿಕೆ ನಾನು ಹೊಲಿದ ಮೊದಲ ರವಿಕೆ. ಆಗ ನನಗೆ ಹದಿನಾರು, ಅವಳಿಗೆ ಇಪ್ಪತ್ತು. ಗಂಡಿನ ಮನೆಗೆ ಕಳಿಸಲು ಫೋಟೋ ಬೇಕೆಂದಾಗ ಪಾಂಡವಪುರದ ಒಂದು ಸ್ಟುಡಿಯೊಕ್ಕೆ ಹೋಗಿದ್ದೆವು. ಹಿಂದೆ ಬಣ್ಣದಲ್ಲಿ ಬರೆದ ಕೊಳ, ಹಂಸ. ಅಕ್ಕ ಬಲಗೈಯನ್ನು ಕೆನ್ನೆಗೆ ಇಟ್ಟುಕೊಂಡಿದ್ದಾಳೆ, ಎಡಗೈ ಸುಮ್ಮನೆ ಜೋತುಬಿದ್ದಿದೆ, ಕಣ್ಣು ಎಲ್ಲೋ ದೂರದಲ್ಲಿದೆ. ಅದರ ಒಂದು ಪ್ರತಿ ನಾಗಮಂಗಲದ ಗಂಡಿನ ಮನೆಗೆ ಹೋಗಿ, ಅದನ್ನು ನೋಡಿಯೇ ಭಾವ ಒಪ್ಪಿದ್ದು. ಆದ್ದರಿಂದ ಆ ಮದುವೆಯಲ್ಲಿ ಅರ್ಧ ಪಾಲು ನನ್ನ ರವಿಕೆಯದು ಅಂತ ನಾನು ಇವತ್ತಿನವರೆಗೂ ಹೇಳಿಕೊಂಡು ತಿರುಗಿದವಳು. ನಾಲ್ಕು ಜನ ಆ ತೋಳಿನ ನೆರಿಗೆ ನೋಡಲಿ ಅನ್ನುವುದೇ ನನ್ನ ಆಸೆಯಾಗಿತ್ತು.

ಅವನು ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಈ ಮುಖದಲ್ಲಿ ಏನೋ ಒಂದು ನೋವೈತೆ ಕಣಕ್ಕ. ಇಂಥದ್ದೇ ಬೇಕಾಗಿತ್ತು" ಎಂದ. ಅವಳಿಗೆ ಎಂಥ ನೋವು, ತೆಂಗಿನ ತೋಟ ಇದೆ, ಮೂರು ಹಸು ಇವೆ, ಬಾಯಿ ಬಿಚ್ಚದ ಗಂಡ ಇದ್ದಾನೆ ಎಂದು ನಾನು ನಕ್ಕೆ. ಅವನು ಕಾಪಿ ತೆಗೆಸಿಕೊಂಡು ಎರಡೇ ದಿನಕ್ಕೆ ಫೋಟೋ ವಾಪಸು ತಂದುಕೊಟ್ಟ. ಹಾಡಿನ ಹುಡುಗ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಾನೆ, ರೈಲಿನಲ್ಲಿ ತೆಗೆದು ನೋಡುತ್ತಾನೆ ಅಂತೆಲ್ಲ ನಾನೇ ಕಲ್ಪಿಸಿಕೊಂಡಿದ್ದೆ. ಅಕ್ಕನನ್ನು ಒಂದು ಮಾತು ಕೇಳಲಿಲ್ಲ. ನನ್ನ ಅಕ್ಕ, ನನ್ನ ರವಿಕೆ, ಕೇಳುವುದೇನು ಅನ್ನುವ ಧಿಮಾಕು.

ವಿಡಿಯೊ ಫೋನಿನಲ್ಲಿ ಬಂದದ್ದು ಒಂದು ಗುರುವಾರ ಬೆಳಿಗ್ಗೆ. ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ನೋಡಲು ಕೂತೆ. ಮೊದಲರ್ಧ ನಾನು ಅಂದುಕೊಂಡ ಹಾಗೇ ಇತ್ತು. ಅಕ್ಕಿಹೆಬ್ಬಾಳಿನ ಪುಟ್ಟ ರೈಲ್ವೆ ಸ್ಟೇಷನ್ನು, ಕಲ್ಲುಬೆಂಚು, ಹೇಮಾವತಿಯ ದಂಡೆಯಲ್ಲಿ ಲಂಗ ಎತ್ತಿ ಹಿಡಿದು ಓಡುವ ಹುಡುಗಿ. ಎರಡನೇ ಚರಣ ಬರುತ್ತಿದ್ದಂತೆ ಬಣ್ಣವೆಲ್ಲ ಇಳಿದುಹೋಯಿತು. ಅದೇ ರಾಗ, ಅದೇ ಸಿಹಿ ಕಂಠ, ಆದರೆ ಬೆಂಚು ಖಾಲಿ. ಮೆಟ್ಟಿಲ ಮೇಲೆ ಒಂದೇ ಒಂದು ಚಪ್ಪಲಿ. ನೀರಿನ ಮೇಲೆ ಏನೂ ಇಲ್ಲ. ಆಮೇಲೆ ನರೆತ ತಲೆಯ ಗಂಡಸೊಬ್ಬ ಗೋಡೆಯ ಮುಂದೆ ನಿಂತು ದೀಪ ಹಚ್ಚುತ್ತಾನೆ. ಗೋಡೆಯ ಮೇಲೆ ನನ್ನ ಅಕ್ಕ. ಹಣೆಗೆ ಕುಂಕುಮ, ಕೊರಳಿಗೆ ಗಂಧದ ಹಾರ.

ಲೋಟ ಉರುಳಿತು. ನಾನು ಎತ್ತಲಿಲ್ಲ. ಕೊನೆಗೆ ಆ ಗಂಡಸು ಹಾರದ ಸಮೇತ ಫೋಟೋವನ್ನು ನದಿಗೆ ಬಿಡುತ್ತಾನೆ. ಅಕ್ಕನ ಮುಖ ಒಂದು ಸಲ ಮೇಲೆ ಬಂದು, ತಿರುಗಿ, ಮುಳುಗುತ್ತದೆ. ಕೊಳಲು ಮಾತ್ರ ಮೊದಲಿನ ಹಾಗೇ ನುಡಿಯುತ್ತಿತ್ತು. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂದದ್ದು.

ಬದುಕಿರುವವರ ಫೋಟೋಗೆ ಹಾರ ಹಾಕುವುದು ಅಪಶಕುನ ಅಂತ ಮೂರು ವರ್ಷದ ಮಗುವಿಗೂ ಗೊತ್ತು. ಬೇರೆ ದಿನವಾಗಿದ್ದರೆ ಬೈದು, ದೃಷ್ಟಿ ತೆಗೆದು ಬಿಟ್ಟುಬಿಡಬಹುದಿತ್ತು. ಆದರೆ ಬರುವ ಸೋಮವಾರ ಅಕ್ಕನಿಗೆ ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ನು. ಗರ್ಭಕೋಶದಲ್ಲಿ ಗಡ್ಡೆ, ಇನ್ನು ತಡ ಮಾಡಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಕ್ಕ ಆಗಲೇ ಎರಡು ಸಲ ತಪ್ಪಿಸಿಕೊಂಡಿದ್ದಳು. ಒಂದು ಸಲ ಹೊರಡುವ ಹೊತ್ತಿಗೆ ಹಲ್ಲಿ ಮೈಮೇಲೆ ಬಿತ್ತು. ಇನ್ನೊಂದು ಸಲ ದೇವರ ದೀಪ ತಾನಾಗಿ ಆರಿತು. ಈ ಸಲ ನಾನು ಹದಿನೈದು ದಿನ ಕಾಲು ಹಿಡಿದು, ಜಗಳವಾಡಿ, ಆಣೆ ಹಾಕಿ ಒಪ್ಪಿಸಿದ್ದೆ. ಬಟ್ಟೆಯ ಬ್ಯಾಗೂ ತುಂಬಿಟ್ಟಿದ್ದೀನಿ ಅಂತ ಅವಳೇ ಫೋನಿನಲ್ಲಿ ಹೇಳಿದ್ದಳು. ಹಲ್ಲಿ ಬಿದ್ದದ್ದಕ್ಕೇ ಹಿಂದೆ ಸರಿದವಳು, ತನ್ನ ಫೋಟೋ ಹಾರ ಹಾಕಿಸಿಕೊಂಡು ನೀರಿಗೆ ಹೋದದ್ದನ್ನು ನೋಡಿದರೆ ಹೊಸಲು ದಾಟುವುದುಂಟೇ?

ವಿಡಿಯೊದವನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಅಕ್ಕನಿಗೆ ಮಾಡಿದೆ, ಎತ್ತಲಿಲ್ಲ. ಭಾವನ ಹತ್ತಿರ ಫೋನೇ ಇಲ್ಲ. ನನ್ನ ಮನೆಯವರು ಗದ್ದೆಗೆ ಹೋಗಿದ್ದರು, ಇದ್ದಿದ್ದರೂ ಗಾಬರಿಯಾಗಬೇಡ ಅನ್ನುತ್ತಿದ್ದರು. ಗಾಬರಿಯಾದವರಿಗೆ ಆ ಮಾತು ಉರಿಯುವ ಒಲೆಗೆ ಸೌದೆ ಇಟ್ಟಂತೆ. ಬೀರುವಿನಿಂದ ಅಸಲಿ ಫೋಟೋ ತೆಗೆದು ಬ್ಯಾಗಿಗೆ ಹಾಕಿಕೊಂಡೆ, ಬಾಗಿಲು ಎಳೆದುಕೊಂಡು ಸರ್ಕಲ್ಲಿಗೆ ನಡೆದೆ. ಫೋಟೋ ಯಾಕೆ ಹಾಕಿಕೊಂಡೆ ಅಂತ ಕೇಳಿದರೆ ಹೇಳಲಾರೆ. ಮನೆಯಲ್ಲಿ ಬಿಟ್ಟರೆ ಅದಕ್ಕೂ ಏನಾದರೂ ಆಗುತ್ತದೆ ಅನ್ನಿಸಿತ್ತು.

ಪಾಂಡವಪುರದ ಸ್ಟುಡಿಯೊದಲ್ಲಿ ಕಂಪ್ಯೂಟರಿನ ಮುಂದೆ ಒಬ್ಬಳು ಹೆಂಗಸು ಮದುವೆಯ ಆಲ್ಬಮ್ಮು ಜೋಡಿಸುತ್ತಿದ್ದಳು. ಅವನು ಯಾರದೋ ಮದುವೆಗೆ ಮುಂಚಿನ ಶೂಟಿಂಗಿಗೆ ಅಕ್ಕಿಹೆಬ್ಬಾಳಿಗೆ ಹೋಗಿದ್ದಾನೆ, ಕೆಲಸದಲ್ಲಿ ಫೋನು ಮುಟ್ಟುವುದಿಲ್ಲ ಎಂದಳು. ಆ ವಿಡಿಯೊ ಅಳಿಸಿಹಾಕಿ ಎಂದರೆ ಅದು ಅವನ ಫೋನಿನಿಂದಲೇ ಆಗಬೇಕಂತೆ. "ಎಲ್ಲಾರೂ ಅಳ್ತಾವ್ರೆ ಕಣಕ್ಕ ಆ ಫೋಟೋ ನೋಡಿ" ಅಂತ ಸಂತೋಷದಿಂದ ಬೇರೆ ಹೇಳಿದಳು. ನನ್ನ ಬಾಯಿಗೆ ಬಂದ ಮಾತನ್ನು ಅಲ್ಲೇ ನುಂಗಿದೆ, ಪಾಪ ಅವಳದೇನು ತಪ್ಪು.

ಕೆ.ಆರ್. ಪೇಟೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೂ ಕೂರಲು ಆಗಲಿಲ್ಲ. ಕೂರುವುದು, ಏಳುವುದು, ಫೋನು ನೋಡುವುದು. ಬಸ್ಸು ಒಂದೊಂದು ಊರಿನ ಮುಂದೆ ನಿಂತಾಗಲೂ ಡ್ರೈವರು ಬೇಕೆಂದೇ ನಿಲ್ಲಿಸುತ್ತಿದ್ದಾನೆ ಅನ್ನಿಸುತ್ತಿತ್ತು. ಅಷ್ಟರಲ್ಲಿ ಸಂಬಂಧಿಕರ ಫೋನುಗಳು ಶುರುವಾದವು. ಅತ್ತೆಯ ಮಗಳು ಮೆಲ್ಲಗೆ, ಯಾವಾಗ ಆಯಿತು, ನಮಗ್ಯಾಕೆ ತಿಳಿಸಲಿಲ್ಲ ಎಂದು ಕೇಳಿದಳು. ಇನ್ನೊಬ್ಬರು ಮಣ್ಣು ಎಷ್ಟು ಹೊತ್ತಿಗೆ ಎಂದರು. ನನ್ನ ಅಕ್ಕ ಗುಂಡುಕಲ್ಲಿನಂತೆ ಇದ್ದಾಳೆ ಎಂದು ನಾನು ಬಸ್ಸಿನಲ್ಲೇ ಕೂಗಿದೆ. ಪಕ್ಕದವರು ತಿರುಗಿ ನೋಡಿದರು. ಫೋನು ಇಟ್ಟ ಮೇಲೆ ಅನ್ನಿಸಿತು, ಇರುವುದು ನಿಜವೇ? ಬೆಳಿಗ್ಗೆಯಿಂದ ಅವಳು ಯಾಕೆ ಫೋನು ಎತ್ತುತ್ತಿಲ್ಲ?

ಹಾಗೆ ಕೂತಿದ್ದಾಗ ಅವ್ವನಿಗೆ ಕಾಗೆ ಮುಟ್ಟಿದ್ದು ನೆನಪಾಯಿತು. ನಾವಿಬ್ಬರೂ ಚಿಕ್ಕವರು. ಅಂಗಳದಲ್ಲಿ ರಾಗಿ ಹರವುತ್ತಿದ್ದ ಅವ್ವನ ನೆತ್ತಿಗೆ ಕಾಗೆಯೊಂದು ಬಂದು ಬಡಿದು ಹೋಯಿತು. ಕಾಗೆ ಮುಟ್ಟಿದರೆ ಸಾವಿನ ದೋಷ. ಅದು ಕಳೆಯಬೇಕಾದರೆ, ಸತ್ತರು ಎಂದು ಒಡಹುಟ್ಟಿದವರಿಗೆ ಸುಳ್ಳು ಸುದ್ದಿ ಕಳಿಸಬೇಕು, ಅವರು ನಿಜವೆಂದು ನಂಬಿ ಅಳಬೇಕು. ಅಜ್ಜಿ ಅವತ್ತೇ ಆಳು ಕಳಿಸಿದಳು. ಸೋದರಮಾವ ಬಸ್ಸು ಇಳಿದವನು ಊರ ಬಾಗಿಲಿನಿಂದಲೇ ಎದೆ ಬಡಿದುಕೊಂಡು ಬಂದ. ಅವ್ವ ಒಳಗಿನಿಂದ ಬಂದು ಕೈಗೆ ನೀರಿನ ಚೊಂಬು ಕೊಟ್ಟಳು. ಮಾವ ಅವಳನ್ನು ನೋಡಿ ಇನ್ನೂ ಜೋರಾಗಿ ಅತ್ತ, ಆಮೇಲೆ ಬೈದ, ಆಮೇಲೆ ಕೂತು ಪಾಯಸ ಉಂಡ. ಅಕ್ಕ ಬಾಗಿಲ ಸಂದಿಯಲ್ಲಿ ನಿಂತು ಅವನು ಅಳುವುದನ್ನು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ನನಗೆ ಪಾಯಸದ ಮೇಲೇ ಕಣ್ಣು.

ಕೆ.ಆರ್. ಪೇಟೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಅಕ್ಕಿಹೆಬ್ಬಾಳು ಸೇರುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ಸ್ಟೇಷನ್ನಿನ ಅದೇ ಕಲ್ಲುಬೆಂಚಿನ ಮೇಲೆ ಮದುವೆಯಾಗಲಿರುವ ಹುಡುಗ ಹುಡುಗಿ ಕೂತಿದ್ದರು. ಹುಡುಗಿಯ ರವಿಕೆ ಬೆನ್ನಿನಲ್ಲಿ ಎಳೆದುಕೊಂಡಿತ್ತು, ಯಾರು ಹೊಲಿದರೋ. ಇವನು ಕ್ಯಾಮೆರಾಕ್ಕೆ ಕಣ್ಣು ಕೊಟ್ಟು ನಗಿ ಸರ್, ನಗಿ ಮೇಡಂ ಅನ್ನುತ್ತಿದ್ದ. ನಾನು ನೇರವಾಗಿ ಅವನ ಕ್ಯಾಮೆರಾದ ಮುಂದೆ ಹೋಗಿ ನಿಂತೆ.

ಅವನಿಗೆ ನಾನು ಯಾಕೆ ಬಂದೆ ಎನ್ನುವುದೇ ಮೊದಲು ತಿಳಿಯಲಿಲ್ಲ. ವಿಡಿಯೊ ಹಿಡಿಸಿತಾ ಅಂತ ಕೇಳಿದ. ನಾನು ಆ ಮದುಮಕ್ಕಳ ಎದುರಿಗೇ ಅವನ ಜನ್ಮ ಜಾಲಾಡಿದೆ. ಬದುಕಿರುವವಳಿಗೆ ಹಾರ ಹಾಕುವಾಗ ನಿನ್ನ ಕೈ ನಡುಗಲಿಲ್ಲವೇ, ನಿನ್ನ ತಾಯಿಯ ಫೋಟೋ ಇರಲಿಲ್ಲವೇ ಎಂದೆ. ಅವನ ಮುಖ ಸಪ್ಪಗಾಯಿತು. ತಪ್ಪಾಯಿತು ಎಂದ. ಆದರೂ ಕಲಾವಿದನ ಬುದ್ಧಿ ಬಿಡಬೇಕಲ್ಲ. "ಹಾಡು ಸಿಹಿಯಾಗೈತೆ ಕಣಕ್ಕ, ಚಿತ್ರನೂ ಸಿಹಿ ಮಾಡ್ಬುಟ್ರೆ ಯಾರ್ಗೂ ನಾಟಾಕಿಲ್ಲ" ಎಂದು ಮೆಲ್ಲಗೆ ಸೇರಿಸಿದ. ನನ್ನ ಅಕ್ಕನಿಗೆ ಸೋಮವಾರ ಆಪರೇಷನ್ನು ಎಂದೆ. ಅವನು ಕೂಡಲೇ ಫೋನು ತೆಗೆದ. ಏನೇನೋ ಒತ್ತಿ, ಇನ್ನು ಯಾರಿಗೂ ಕಾಣುವುದಿಲ್ಲ ಎಂದು ತೋರಿಸಿದ. ತಿಂಗಳುಗಟ್ಟಲೆ ಮಾಡಿದ ಕೆಲಸ, ಒಂದು ಬೆರಳಿಗೆ ಹೋಯಿತು. ಅವನ ಕಣ್ಣು ತುಂಬಿದ್ದನ್ನು ನೋಡಿಯೂ ನೋಡದವಳ ಹಾಗೆ ಇದ್ದೆ.

ಹೊಳೆ ಹತ್ತಿರದಲ್ಲೇ ಇತ್ತು. ಹೋಗಿ ನೋಡಬಾರದು ಅಂದುಕೊಂಡೇ ಹೋದೆ. ನೀರು ಮೆಟ್ಟಿಲ ಕೆಳಗೆ ತಣ್ಣಗೆ ಹರಿಯುತ್ತಿತ್ತು. ಅವನು ನೀರಿಗೆ ಬಿಟ್ಟ ಕಾಪಿ ಎಲ್ಲಾದರೂ ಪೊದೆಗೆ ಸಿಕ್ಕಿಕೊಂಡಿದೆಯೇ ಎಂದು ದಂಡೆಯುದ್ದಕ್ಕೂ ಇಣುಕಿದೆ. ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಬಸ್ಸಿನ ಹಾರನ್ನು ಕೇಳಿ ಓಡಿದೆ.

ನಾಗಮಂಗಲದ ಕಡೆಗೆ ಹೋಗುತ್ತಾ ಹೋಗುತ್ತಾ ಹಸಿರು ಕಮ್ಮಿಯಾಗಿ ಕೆಮ್ಮಣ್ಣು, ತೆಂಗು, ಹುರುಳಿ ಹೊಲ ಬರುತ್ತದೆ. ವಿಡಿಯೊ ಹೋಯಿತು, ಇನ್ನೇನು ಭಯವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕ ನೋಡಿರಲಿಕ್ಕಿಲ್ಲ, ಅವಳಿಗೆ ಫೋನಿನಲ್ಲಿ ಅದೆಲ್ಲ ಬರುವುದಿಲ್ಲ ಎಂದೂ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಅವಳ ನಂಬರು ಮತ್ತೆ ಮತ್ತೆ ಒತ್ತಿದೆ. ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ಇಳಿದಿರಲಿಲ್ಲ.

ಬಸ್ ಸ್ಟ್ಯಾಂಡಿನಿಂದ ಅಕ್ಕನ ಮನೆಗೆ ಅರ್ಧ ಗಂಟೆ ನಡೆಯಬೇಕು. ನಾನು ಓಡಿದೆ ಎಂದರೂ ಸರಿಯೇ. ಅಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳನ್ನು ಕಂಡ ಕೂಡಲೇ ನನಗೆ ಬಂದದ್ದು ಸಮಾಧಾನವಲ್ಲ, ಕೋಪ. ಫೋನು ಎತ್ತಲು ಏನು ರೋಗ ಎಂದು ಕೇಳಿದೆ. ಅವಳು ಇನ್ನೊಂದು ಕಾಯಿ ಎತ್ತಿಕೊಂಡು ಸುಲಿದಳು. ಆಗ ನನ್ನ ಕಣ್ಣು ಅಟ್ಟದ ಮೇಲೆ ಹೋಯಿತು. ಬಟ್ಟೆಯ ಬ್ಯಾಗು ಖಾಲಿಯಾಗಿ, ಮಡಚಿಕೊಂಡು ಅಲ್ಲಿ ಬಿದ್ದಿತ್ತು. ತುಂಬಿಟ್ಟಿದ್ದ ಸೀರೆಗಳು ಹಗ್ಗದ ಮೇಲೆ ವಾಪಸು ಬಂದಿದ್ದವು.

"ಬೆಳಿಗ್ಗೆನೇ ನೋಡ್ದೆ ಕಣಮ್ಮಿ" ಎಂದಳು ಅಕ್ಕ. "ಪಕ್ಕದ ಮನೆಯೋಳು ತಂದು ತೋರ್ಸುದ್ಲು. ಆರು ಸಲ ನೋಡ್ದೆ."

ನಾನು ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಫೋಟೋ ಕೊಟ್ಟವಳು ನಾನು, ಕೇಳದೆ ಕೊಟ್ಟದ್ದು ತಪ್ಪು, ಹಾರ ಹಾಕುತ್ತಾನೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ, ಈಗ ತೆಗೆಸಿಬಿಟ್ಟಿದ್ದೇನೆ ಎಂದೆ. ಅವಳಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. ಬೇರೆ ಏನನ್ನೋ ಹೇಳಲು ತುದಿಗಾಲಿನಲ್ಲಿದ್ದಳು. ಭಾವ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗಿದ್ದರಂತೆ. ಅಲ್ಲಿ ಯಾರೋ ಫೋನು ಮುಂದೆ ಹಿಡಿದು, ಇದು ನಿಮ್ಮ ಮನೆಯವರಲ್ಲವೇ ಎಂದರಂತೆ. ಮದುವೆಯಾಗಿ ಮೂವತ್ತು ವರ್ಷದ ಮೇಲಾಯಿತು, ಊಟ ಆಯ್ತಾ ಎನ್ನುವುದು ಬಿಟ್ಟು ಅಕ್ಕನ ಹತ್ತಿರ ಆ ಮನುಷ್ಯ ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ.

"ಕ್ಯಾನು ಅಲ್ಲೇ ಬುಟ್ಟು ಓಡ್ಬಂದ್ರು" ಎಂದಳು ಅಕ್ಕ. "ನಾನು ಇಲ್ಲೇ ಕುಂತಿದ್ದೆ. ನನ್ ಮಕ ನೋಡ್ಕಂಡು ಅಳಕ್ಕೆ ಶುರು ಮಾಡುದ್ರು. ಬದ್ಕಿವ್ನಿ ಕಣ್ರಿ ಅಂದ್ರೂ ನಿಲ್ಲುಸ್ನಿಲ್ಲ."

ಭಾವ ಹಿತ್ತಿಲಿನಲ್ಲಿ ಹಸುವಿಗೆ ಮೇವು ಹಾಕುತ್ತಿದ್ದರು. ನಾನು ಬಂದದ್ದು ಗೊತ್ತಿದ್ದೂ ಒಳಗೆ ಬರಲು ನಾಚಿಕೆ. ಅಕ್ಕನ ಮುಖದಲ್ಲಿ ಒಂದು ಕಳೆ ಇತ್ತು, ಅದು ನನಗೆ ಇನ್ನೂ ಹೆದರಿಕೆ ತಂದಿತು. ಹಾಗಾದರೆ ಬ್ಯಾಗು ಯಾಕೆ ಖಾಲಿ ಮಾಡಿದೆ ಎಂದು ಕೇಳಿದೆ. ಅವಳು ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

"ಅವ್ವಂಗೆ ಕಾಗೆ ಮುಟ್ದಾಗ ಮಾವ ಅತ್ಕಂಡ್ ಬಂದಿದ್ದು ಗ್ಯಾಪಕ ಐತಾ? ಅವ್ವಂಗೆ ಕಾಗೆ ಮುಟ್ತು, ನಂಗೆ ನಿನ್ ಕ್ಯಾಮೆರಾದೋನು ಮುಟ್ಟವ್ನೆ. ಗಂಡ ಅತ್ರೆ ಸಾಲ್ದು, ಒಡಹುಟ್ಟಿದೋರು ಅಳ್ಬೇಕು. ಅದ್ಕೇ ಫೋನೂ ಎತ್ನಿಲ್ಲ. ನೀನು ಅತ್ಯೇನಮ್ಮಿ?"

ನಾನು ಬೆಳಿಗ್ಗೆಯಿಂದ ಕೂಗಿದ್ದೆ, ಓಡಿದ್ದೆ, ಬೈದಿದ್ದೆ. ನಾಲ್ಕು ಬಸ್ಸು ಹತ್ತಿ ಇಳಿದಿದ್ದೆ. ಅಳು ಮಾತ್ರ ಬಂದಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಅಕ್ಕನ ಮುಖ ನೋಡಿ ಹೇಳಲಾಗಲಿಲ್ಲ. ಇಲ್ಲ ಎಂದೆ.

"ಅಂಗಾರೆ ಸೋಮವಾರ ನಾನು ಬರಾಕಿಲ್ಲ" ಎಂದಳು.

ತಮಾಷೆಗೆ ಹೇಳಿದ್ದಲ್ಲ. ನನಗೆ ಅವಳ ದನಿ ಗೊತ್ತು. ಅವಳ ಜೀವ ಈಗ ನನ್ನ ಎರಡು ಹನಿ ಕಣ್ಣೀರಿನ ಮೇಲೆ ನಿಂತಿತ್ತು, ಆ ಹನಿ ಬರುತ್ತಿರಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಪ್ರಯತ್ನಪಟ್ಟೆ. ಅವ್ವ ಸತ್ತ ದಿನವನ್ನು ನೆನೆಸಿಕೊಂಡೆ. ಗಂಟಲಿನಿಂದ ಒಂದು ಸದ್ದು ಹೊರಡಿಸಿದೆ. "ಕಳ್ಳ ಅಳು ಬ್ಯಾಡ. ಕಾಗೆಗೂ ಗೊತ್ತಾಯ್ತದೆ" ಎಂದಳು ಅಕ್ಕ. ವಿಡಿಯೊ ನೋಡಿದರಾದರೂ ಬಂದೀತು ಎಂದು ಫೋನು ತೆಗೆದೆ. ಆ ವಿಡಿಯೊ ನಾನೇ ಅಳಿಸಿಹಾಕಿಸಿದ್ದೆನಲ್ಲ. ಪರದೆಯ ಮೇಲೆ ಕಪ್ಪು ಬಿಟ್ಟು ಏನೂ ಇರಲಿಲ್ಲ. ನನ್ನ ಕೈಯಾರೆ ಮಾಡಿಕೊಂಡದ್ದು.

ಕೊನೆಗೆ ನನಗೆ ರೇಗಿತು. ಬ್ಯಾಗಿನಿಂದ ಅಸಲಿ ಫೋಟೋ ತೆಗೆದು ಅವಳ ಮಡಿಲಿಗೆ ಹಾಕಿದೆ. ನೋಡು, ಹಾರ ಇಲ್ಲ, ಕುಂಕುಮ ಇಲ್ಲ, ನೀರಿಗೆ ಹೋದದ್ದು ಕಾಗದದ ಕಾಪಿ. ನೀನು ಇಲ್ಲಿದ್ದೀಯ, ಹಂಸದ ಮುಂದೆ, ನನ್ನ ರವಿಕೆ ತೊಟ್ಟುಕೊಂಡು. ಈ ರವಿಕೆ ನಿನಗೆ ಶುಭ ತಂದಿತ್ತು, ಈಗಲೂ ತರುತ್ತದೆ ಎಂದೆ.

ಅಕ್ಕ ಫೋಟೋವನ್ನು ಬಹಳ ಹೊತ್ತು ನೋಡಿದಳು. ಎಡತೋಳಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಈ ತೋಳು ಎಷ್ಟ್ ಬಿಗಿ ಇತ್ತು ಗೊತ್ತಾ" ಎಂದಳು. "ಬೆಳಿಗ್ಗೆ ಆಕ್ಕಂಡೋಳು ಸಂಜೆಗಂಟ ಎಡಗೈ ಎತ್ತಕ್ಕಾಗ್ನಿಲ್ಲ. ಸ್ಟುಡಿಯೊದೋನು ಎಡಗೈ ಕೆನ್ನೆಗೆ ಇಡಮ್ಮ ಅಂದ. ಆಗ್ದೆ ಬಲಗೈ ಇಟ್ಕಂಡೆ. ಮನೆಗೆ ಬರೋ ಒತ್ಗೆ ಮರಗಟ್ಟೋಗಿತ್ತು."

ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿನ್ ಮೊದುಲ್ನೇ ರವ್ಕೆ. ಬೀದಿಗೆಲ್ಲಾ ಯೋಳ್ಕಂಡ್ ಬಂದಿದ್ದೆ ನೀನು. ಎಂಗಮ್ಮಿ ಯೋಳದು?"

ಆಗ ನನಗೆ ನೆನಪಾಯಿತು. ಬಟ್ಟೆ ಎರಡು ಬೆರಳು ಸಾಲದೇ ಹೋಗಿತ್ತು. ಬಲತೋಳು ಕತ್ತರಿಸಿ ಆದ ಮೇಲೆ ಗೊತ್ತಾಗಿ, ಎಡತೋಳನ್ನು ಉಳಿದಷ್ಟರಲ್ಲೇ ಎಳೆದು ಹೊಲಿದಿದ್ದೆ. ನೆರಿಗೆ ಚೆನ್ನಾಗಿ ಬಂತು, ಯಾರಿಗೂ ಗೊತ್ತಾಗಲಿಲ್ಲ, ನಾನೂ ಮರೆತೆ. ಅಲ್ಲಿಂದ ಇಲ್ಲಿಯವರೆಗೆ ಊರಿನ ಎಷ್ಟು ಹೆಂಗಸರ ತೋಳು ಅಳೆದಿದ್ದೇನೋ. ಪ್ರತಿ ಸಲವೂ ಟೇಪಿನ ಒಳಗೆ ನನ್ನ ಎರಡು ಬೆರಳು ತೂರಿಸಿ, ಉಸಿರಾಡಲು ಜಾಗ ಇರಲಿ ಅನ್ನುತ್ತೇನೆ. ಅಕ್ಕನಿಗೆ ಒಬ್ಬಳಿಗೇ ಆ ಎರಡು ಬೆರಳು ಇಟ್ಟಿರಲಿಲ್ಲ. ಆ ಮುಖದಲ್ಲಿ ವಿಡಿಯೊದವನು ಕಂಡ ನೋವು ನನ್ನ ಹೊಲಿಗೆಯದು. ಭಾವ ನೋಡಿ ಒಪ್ಪಿದ್ದೂ, ಊರೆಲ್ಲ ನೋಡಿ ಅತ್ತದ್ದೂ ಅದನ್ನೇ. ಅವಳು ಅದನ್ನು ಇಷ್ಟು ವರ್ಷ ನನ್ನ ಜಂಬಕ್ಕೆ ಪೆಟ್ಟಾಗದಂತೆ ಇಟ್ಟುಕೊಂಡಿದ್ದಳು.

ಅಳು ಎಲ್ಲಿಂದ ಬಂತೋ. ಮಾವ ಊರ ಬಾಗಿಲಿನಿಂದ ಅತ್ತುಕೊಂಡು ಬಂದ ಹಾಗೆ, ಮಾನ ಮರ್ಯಾದೆ ಬಿಟ್ಟು ಅತ್ತೆ. ಅವರೆಕಾಯಿಯ ಮೊರ ಕಾಲಿಗೆ ತಾಗಿ ಕಾಳು ಚೆಲ್ಲಿತು. ಅಕ್ಕ ನನ್ನನ್ನು ಸಮಾಧಾನ ಮಾಡಲಿಲ್ಲ, ಕೈ ಕೂಡ ಹಿಡಿಯಲಿಲ್ಲ. ಅಂದು ಬಾಗಿಲ ಸಂದಿಯಲ್ಲಿ ನಿಂತಿದ್ದಂತೆಯೇ ರೆಪ್ಪೆ ಮಿಟುಕಿಸದೆ ನೋಡುತ್ತಾ, ಆಗುವಷ್ಟು ಆಗಲಿ ಎಂದು ಕಾದಳು. ಆಮೇಲೆ ಹಿತ್ತಿಲ ಕಡೆಗೆ ತಿರುಗಿ ಗಂಡನನ್ನು ಕರೆದಳು.

"ಕೇಳುಸ್ತಾ? ಅತ್ಲು. ಅಟ್ಟದಿಂದ ಬ್ಯಾಗು ಇಳ್ಸಿ."

ಭಾವ ಮೇವಿನ ಕೈ ತೊಳೆದುಕೊಳ್ಳದೆಯೇ ಸ್ಟೂಲು ಹುಡುಕಿಕೊಂಡು ಒಳಗೆ ಬಂದರು.